ಅಮ್ಮನ ಗೂಡಿನ ಒಲೆ

ರೇಷ್ಮೆ ಗೂಡು ಬೇಯುವ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ.

ಅಮ್ಮ ಹಿತ್ತಲಲ್ಲಿ ಹತ್ತೂರಿನ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಆ ನೂಲು ಮಾರಿಯೇ ಅಪ್ಪ ದೊಡ್ಡ ವ್ಯಾಪಾರಿಯಾದ, ಯುದ್ಧದ ವರ್ಷಗಳಲ್ಲಿ ಪುರಸಭೆಯ ಅಧ್ಯಕ್ಷನೂ ಆದ. ಊರೊಳಗೆ ಈ ನಾತ ಇರಕೂಡದೆಂದು, ಗೂಡಿನ ಒಲೆಗಳನ್ನೆಲ್ಲ ಒಡೆಸಲು ಅವನೇ ಹುಕುಂ ಹೊರಡಿಸಿದ.

ಆ ಮಧ್ಯಾಹ್ನ ಹಾರೆ ಹಿಡಿದ ಆಳುಗಳೊಂದಿಗೆ ಬಂದು, "ಮೊದ್ಲು ನಮ್ಮನೇದೇ ಒಡೀಬೇಕು ಕಣೇ, ಇಲ್ದಿದ್ರೆ ಜನ ಏನಂತಾರೆ" ಎಂದ.

"ಬಾಣಲೇಲಿರೋದು ಮುಗೀಲಿ, ವಸಿ ತಾಳಿ" ಎಂದಳು ಅಮ್ಮ, ಬಿಸಿನೀರಿನಿಂದ ಕೈ ತೆಗೆಯದೆ. ಅಪ್ಪ ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು ಕಾದ.

ಒಲೆ ಒಡೆದ ಮೇಲೆ ಅವಳು ಸೀಗೆಪುಡಿಯಿಂದ ಕೈ ಉಜ್ಜಿ ಉಜ್ಜಿ ತೊಳೆದು ನನ್ನ ಮೂಗಿನ ಹತ್ತಿರ ತಂದಳು. "ಇನ್ನೂ ವಾಸ್ನೆ ಬರ್ತದಾ ನೋಡು ಮಗಾ."

ಬರುತ್ತಿತ್ತು. ಇಲ್ಲಮ್ಮ ಎಂದೆ.