ಸೋಮವಾರದ ಸೊನ್ನೆ

ಮೌಸ್ ಟಿಕ್ ಎಂದದ್ದೇ ತಡ, ಪರದೆಯ ಮೇಲೆ ಊರಿಗೊಂದರಂತೆ ಹಸಿರು ಕಂಬಗಳು ಎದ್ದವು. ಎಷ್ಟು ಹಿಗ್ಗಿಸಿದರೂ ಅವುಗಳ ಅಂಚು ಮಾಸುತ್ತಿರಲಿಲ್ಲ. ಡೈರಿಯ ಕಂಪ್ಯೂಟರ್ ಕೆಲಸ ನೋಡುವ ಮಾನಸಳ ಊರು ಬೀರನಹಟ್ಟಿಯ ಕಂಬ ಮಾತ್ರ ಗಿಡ್ಡವಾಗಿತ್ತು.

"ನೋಡಮ್ಮ, ನೀನೇ ಮಾಡಿದ ಗ್ರಾಫು. ನಿಮ್ಮೂರ ಹಾಲಲ್ಲಿ ಫ್ಯಾಟೇ ಇಲ್ಲ. ನೀರು ಬೆರೆಸ್ತಾವ್ರೆ," ಎಂದರು ಡೈರಿ ಮಾಲೀಕ ದೇವರಾಜು. ಕಿಟಕಿಯಾಚೆ ಹಾಲಿನ ಗಾಡಿಯ ಚಾಲಕ ಹೊರಡಲು ಅಣಿಯಾಗುತ್ತಿದ್ದ. "ಲೇ ಶಿವರಾಜ, ಇವತ್ತಿಂದ ಬೀರನಹಟ್ಟಿಗೆ ಹೋಗ್ಬೇಡ ಕಣ್ಲಾ!"

"ಒಸಿ ತಡೀರಿ ಸಾರ್." ಮಾನಸ ದಿನದಿನದ ಅಂಕಿಗಳನ್ನು ತೆರೆದಳು; ಸೋಮವಾರದ ಜಾಗ ಖಾಲಿಯಿತ್ತು. ಬೀರನಹಟ್ಟಿಯಲ್ಲಿ ಸೋಮವಾರದ ಹಾಲು ದೇವರಿಗೆ ಮೀಸಲು, ಯಾರೂ ಮಾರುವುದಿಲ್ಲ. ಆ ಖಾಲಿ ದಿನವನ್ನು ಅವಳ ಪ್ರೋಗ್ರಾಂ ಸೊನ್ನೆಯೆಂದು ಹಿಡಿದು ವಾರದ ಸರಾಸರಿ ತೆಗೆದಿತ್ತು. ಗ್ರಾಫ್ ಬಿಡಿಸುವ ಪುಟ್ಟ ಲೈಬ್ರರಿ ಎಂಬ ಸಿದ್ಧ ಕೋಡಿಗೆ ಕೊಟ್ಟ ಅಂಕಿಯನ್ನು ಬಿಡಿಸುವುದಷ್ಟೇ ಗೊತ್ತು, ಕೊಟ್ಟವಳು ತಾನೇ. ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದಳು: ಖಾಲಿ ದಿನ ಲೆಕ್ಕಕ್ಕಿಲ್ಲ. ಗಿಡ್ಡ ಕಂಬ ಮಿಕ್ಕವುಗಳ ಸಮಕ್ಕೆ ಎದ್ದು ನಿಂತಿತು. "ತಪ್ಪು ಹಾಲಿಂದಲ್ಲ ಸಾರ್, ನಂದು. ಸೋಮವಾರ ದೇವ್ರ ಮೀಸಲು, ನಮ್ಮೂರ ಹಾಲೇ ಬರಲ್ಲ."

ದೇವರಾಜು ಪರದೆಯನ್ನೇ ದಿಟ್ಟಿಸಿ, ಕೊನೆಗೆ ನಕ್ಕರು. "ದೇವ್ರ ಹಾಲಿಗೂ ಸೊನ್ನೆ ಹಾಕ್ಬುಟ್ಯಲ್ಲಮ್ಮ! ಲೇ ಶಿವರಾಜ, ಬೀರನಹಟ್ಟಿಗೂ ಹೋಗ್ಲಾ!"

ಸಂಜೆ ಬಸ್ಸಿಳಿದಾಗ ಪಕ್ಕದ ಮನೆಯ ಅಂಬಮ್ಮ ಹಾಲಿನ ಕ್ಯಾನು ಹಿಡಿದು ಎದುರಾದಳು. "ಏನವ್ವ, ನಿನ್ನ ಕಂಪ್ಯೂಟ್ರು ನಮ್ಮ ಹಾಲಿಗೆ ಏನಂತೈತೆ?"

"ಚೆನ್ನಾಗೈತಂತೆ ಕಣಜ್ಜಿ."

ನಡೆದದ್ದು ತಿಳಿದರೆ ಈ ಮುದುಕಿ, ಸೋಮವಾರ ಹಾಲು ಹಾಕದಿದ್ದರೆ ಡೈರಿಯವರು ಊರಿನ ಹಾಲೇ ಬೇಡವೆಂದಾರೆಂದು ಹೆದರಿ, ಮುಂದಿನ ಸೋಮವಾರ ಮೀಸಲು ಹಾಲನ್ನೂ ಡೈರಿಗೆ ಸುರಿದಾಳು. ಊರಲ್ಲಿ ಯಾರಿಗೂ ಹೇಳಬಾರದೆಂದು ಮಾನಸ ಅಲ್ಲೇ ನಿಶ್ಚಯಿಸಿದಳು.