ನಾಲ್ಕನೆಯ ತಿರುವು

"ನನ್ನ ಕಾಲಿಂದ ನಿನ್ನ ಹೊಸ್ತಿಲು ದಾಟಲ್ಲ ಕಣೇ. ಇದು ನನ್ನ ಮಾತು."

ಅಮ್ಮ ಹಾಗೆ ಆಣೆಯಿಟ್ಟು ಹದಿನೆಂಟು ವರ್ಷವಾಗಿತ್ತು. ಅಂದು ಹೊಸ ಸೊಸೆ ಅಂಗಳದಲ್ಲಿ ಸ್ಕೂಟರಿನಡಿ ಮಲಗಿ ನಟ್ಟು ಬಿಗಿಯುತ್ತಿದ್ದಳು. ಅತ್ತೆ ಮೊದಲ ಸಲ ಮನೆಗೆ ಬಂದರೂ ಏಳಲಿಲ್ಲ. "ಒಳಗೆ ಕೂತಿರಿ ಅತ್ತೆ, ಬಂದೆ" ಎಂದಳು, ಅಷ್ಟೇ. ಅಮ್ಮ ಆ ಮಾತು ಹೇಳಿ ಬಾಗಿಲಲ್ಲೇ ತಿರುಗಿ ಗುಡ್ಡ ಇಳಿದುಹೋದಳು.

ಅಮ್ಮ ದರ್ಜಿ. ಮಾತನ್ನೂ ಬಟ್ಟೆಯಂತೆ ಅಳೆದು ಕತ್ತರಿಸುವವಳು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ. ಪಕ್ಕದ ಬೇಕರಿಯವನ ಜೊತೆ ಇನ್ನು ಮಾತಾಡುವುದಿಲ್ಲ ಎಂದಿದ್ದಳು. ಆರು ವರ್ಷದಿಂದ ಅವನ ಅಂಗಡಿಯ ಗೋಡೆಗೆ ಮುಖಮಾಡಿ "ಒಂದು ಬ್ರೆಡ್ಡು" ಎನ್ನುತ್ತಾಳೆ. ಬ್ರೆಡ್ಡು ಬರುತ್ತದೆ.

ಅಂಥ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಬಿರುಕು ಬಿಡಿಸಿಕೊಂಡಿದ್ದಳು. ಇನ್ನು ಒಂಟಿಯಾಗಿ ಇರುವ ಹಾಗಿಲ್ಲ ಎಂದರು ಡಾಕ್ಟರು. ತಿಂಗಳೊಳಗೆ ಮಗನ ಮನೆ ಸೇರಬೇಕು, ಇಲ್ಲವೇ ಗುಡ್ಡದ ನೆತ್ತಿಯ ಆರೈಕೆ ನಿಲಯ. ಮಗ ಕೇಳಿದ, ಬೇಡಿದ, ಜಗಳವಾಡಿದ. ಅಮ್ಮ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಹೇಳಿದ್ದು ಹೇಳಿ ಆಯ್ತಲ್ಲೋ. ನಿನಗೆ ಕಿವಿ ಇದೆ ತಾನೆ?"

ಮಗ ಔಷಧಿ ಅಂಗಡಿಯ ಕಾಂಪೌಂಡರ್. ನಿಲಯದ ಅರ್ಜಿ ಅವನ ಜೇಬಿನಲ್ಲೇ ಬೆವರಿ ಮೆತ್ತಗಾಗಿತ್ತು. ಸಹಿ ಹಾಕಲು ಕೈ ಬಂದಿರಲಿಲ್ಲ. ಹಾಕದೆ ಇರಲು ದಾರಿಯೂ ಇರಲಿಲ್ಲ.

ಅವನನ್ನು ಕೊರೆಯುತ್ತಿದ್ದುದು ಹೆಂಡತಿಯ ಉತ್ಸಾಹ. ಅಮ್ಮ ಬಿದ್ದ ಮರುದಿನವೇ ಅವಳು ಹಳೆಯದೊಂದು ಗಾಲ್ಫ್ ಗಾಡಿಯನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದಿದ್ದಳು. ಗುಡ್ಡದ ದಾರಿ ಕಾರು ಹಿಡಿಸದಷ್ಟು ಇಕ್ಕಟ್ಟು. ಜನರನ್ನು ಮೇಲಕ್ಕೆ ಸಾಗಿಸಲು ಇದೇ ಸರಿ ಎಂದಳು. ಗ್ಯಾರೇಜು ಅಮ್ಮನ ಕೋಣೆಯಿಂದ ಹತ್ತು ಮಾರು. ಅತ್ತೆ ಸೊಸೆ ಮುಖ ನೋಡದೆ ಹದಿನೆಂಟು ವರ್ಷ, ಅವನಿಗೆ ತಿಳಿದಂತೆ.

ಹುಲ್ಲಿನ ಮೇಲೆ ಚೆಂಡಿನ ಹಿಂದೆ ಅಡ್ಡಾಡಿಕೊಂಡಿದ್ದ ಗಾಡಿ. ಏರು ಕಂಡದ್ದಿಲ್ಲ. ಮೊದಲ ದಿನ ಎರಡನೆಯ ತಿರುವಿಗೇ ಮುಕ್ಕರಿಸಿ ನಿಂತು ಹಿಂದಕ್ಕೆ ಜಾರಿತು. ಅವಳು ಬಿಡಲಿಲ್ಲ. ಬ್ಯಾಟರಿ ಬದಲಾಯಿತು, ಮೋಟಾರು ಬದಲಾಯಿತು. ಓಟ ಕಮ್ಮಿಯಾದರೂ ಎಳೆತ ಹೆಚ್ಚಲಿ ಎಂದು ಗೇರು ಬದಲಿಸಿದಳು. ಕಾಲು ತೆಗೆದೊಡನೆ ಚಕ್ರವನ್ನು ಕಚ್ಚಿ ಹಿಡಿಯುವ ಬ್ರೇಕು ಕೂರಿಸಿದಳು. ಸೀಟುಗಳ ಮೇಲೆ ಮರಳಿನ ಮೂಟೆ ಹೇರಿ ದಿನವೂ ಹತ್ತಿಸಿದಳು. ಒಂದು ಮೂಟೆಯ ಮೇಲೆ ಸೀಮೆಸುಣ್ಣದಲ್ಲಿ 'ಅತ್ತೆ' ಎಂದು ಬರೆದಿತ್ತು.

"ಇದೇನು ಅಣಕವಾ?"

"ತೂಕ ರೀ. ಐವತ್ತೆರಡು ಕೆಜಿ."

ಇನ್ನೊಂದು ದಿನ ಅವನು ಗ್ಯಾರೇಜಿಗೆ ಹೋದರೆ ಎರಡೂ ಕಡೆಯ ಮಡ್‌ಗಾರ್ಡು ಕತ್ತರಿಸಿ ಹಾಕಿದ್ದಳು. ಕುತ್ತಿಗೆಯಲ್ಲಿ ಹಳದಿ ಬಟ್ಟೆಯ ಅಳತೆ ಟೇಪು ನೇತಾಡುತ್ತಿತ್ತು.

"ಚೆನ್ನಾಗಿದ್ದದ್ದನ್ನ ಯಾಕೆ ಕತ್ತರಿಸಿದೆ?"

"ಅಗಲ ಜಾಸ್ತಿ ಆಯ್ತು. ಗೋಡೆಗೆ ಉಜ್ಜುತ್ತೆ."

ಮನೆಯಲ್ಲಿಯೂ ನೆಮ್ಮದಿಯಿರಲಿಲ್ಲ. ಗೆದ್ದಲು ಹತ್ತಿದೆ ಎಂದು ಮುಂಬಾಗಿಲಿನ ಚೌಕಟ್ಟನ್ನೇ ಕೀಳಿಸಿದ್ದಳು. ಇಕ್ಕೆಲದ ಗೋಡೆ ಉದುರಿತ್ತು, ಬಡಗಿಯ ಪತ್ತೆಯಿರಲಿಲ್ಲ. ಕಲ್ಲಿನ ಹೊಸ್ತಿಲೊಂದು ಉಳಿದು, ಅದರ ಮೇಲೆ ಬಾಗಿಲಿನ ಬದಲು ಕಟ್ಟಿದ ಹಳೆಯ ಚಾದರ ಗಾಳಿಗೆ ಪಟಪಟಿಸುತ್ತಿತ್ತು. ಮನೆ ಬಾಯಿ ತೆರೆದು ಬಿದ್ದಿದೆ, ಇವಳಿಗೆ ಗಾಡಿಯದೇ ಧ್ಯಾನ.

ತಡೆಯಲಾಗದೆ ಕೇಳಿಯೇಬಿಟ್ಟ. "ನಮ್ಮಮ್ಮನ್ನ ಸಾಗಹಾಕೋಕೆ ನಿನಗೆ ಅಷ್ಟೊಂದು ಅವಸರವಾ?"

ಅವಳು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡಳು. "ಒಂದ್ಸಲ ಕೂರಿಸಿಬಿಟ್ರೆ ಆಯ್ತು ರೀ. ಎಲ್ಲಿ ಇಳಿಸಬೇಕು ಅಂತ ನನಗೊತ್ತು."

ತಿಂಗಳ ಕೊನೆಯ ದಿನ ಬಂತು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯುಟ್ಟು ಸಿದ್ಧಳಾಗಿ ಕೂತಿದ್ದಳು. ಪಕ್ಕದಲ್ಲಿ ಹೊಲಿಗೆ ಯಂತ್ರ, ದುಪ್ಪಟಿ ಸುತ್ತಿಕೊಂಡು.

"ಅಮ್ಮಾ, ಅಲ್ಲಿ ಯಂತ್ರಕ್ಕೆಲ್ಲ ಜಾಗ ಇಲ್ಲ."

"ಇರುತ್ತೆ ಬಿಡೋ."

ಅವಳ ಧೈರ್ಯ ಕಂಡು ಅವನು ವಾದ ಬಿಟ್ಟ. ಅಮ್ಮನನ್ನು ಗಾಡಿಗೆ ಎತ್ತಿ ಕೂರಿಸಿದ. ಯಂತ್ರವನ್ನು ಹಿಂದಕ್ಕೆ ಕಟ್ಟಿದ. ಹೆಂಡತಿ ಸ್ಟೀರಿಂಗ್ ಹಿಡಿದಳು.

ಗಾಡಿ ಗುಂಯ್‌ಗುಡುತ್ತ ಹೊರಟಿತು. ಮೊದಲ ತಿರುವು. ಎರಡನೆಯದು, ಅಲ್ಲಿ ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಹರಸಿಕೊಂಡ. ನಿಲ್ಲಲಿಲ್ಲ. ಮೂರನೆಯ ತಿರುವಿನಲ್ಲಿ ಅರ್ಜಿ ತೆಗೆದು ತೊಡೆಯ ಮೇಲಿಟ್ಟು, ಅಮ್ಮನ ಕಡೆ ನೋಡದೆ, ಸಹಿ ಗೀಚಿದ. ಅಕ್ಷರಗಳು ಗಾಡಿಯ ಜೊತೆ ನಡುಗಿದವು.

ನಾಲ್ಕನೆಯ ತಿರುವು. ನೇರ ಹೋದರೆ ನಿಲಯದ ಗೇಟು. ಗಾಡಿ ಎಡಕ್ಕೆ ಹೊರಳಿತು.

"ಏ, ಗೇಟು ಆ ಕಡೆ!"

ಅವರ ಮನೆಯ ಅಂಗಳ ಬಂತು. ಗಾಡಿ ನಿಧಾನಿಸಿತು, ನಿಲ್ಲಲಿಲ್ಲ. ಚಾದರ ಅಮ್ಮನ ತಲೆ ಸವರಿಕೊಂಡು ಹಿಂದೆ ಸರಿಯಿತು. ಚಕ್ರಗಳು ಹೊಸ್ತಿಲ ಕಲ್ಲನ್ನು ಹತ್ತಿ, ಕುಲುಕಿ, ಇಳಿದವು. ನಡುಮನೆಯ ಬೆಳಕಿನಲ್ಲಿ, ಊಟದ ಮೇಜಿನ ಪಕ್ಕ, ಬ್ರೇಕು ಕಚ್ಚಿತು.

ಅಮ್ಮ ಹಿಂದೆ ತಿರುಗಿ ಗೋಡೆಯ ಅಂಚನ್ನು ನೋಡಿದಳು. "ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಸಂದು. ಹೇಳಿರಲಿಲ್ವೇನೇ, ಮೆಕ್ಯಾನಿಕ್ಕು?"

"ನಿಮ್ಮ ಅಳತೆ ತಪ್ಪುತ್ತಾ ಅತ್ತೆ?" ಎಂದು ಹೆಂಡತಿ ಹಳದಿ ಟೇಪನ್ನು ತನ್ನ ಕುತ್ತಿಗೆಯಿಂದ ತೆಗೆದು ಅಮ್ಮನ ಕುತ್ತಿಗೆಗೆ ಹಾಕಿದಳು.

ಅಮ್ಮ ಮಗನ ಕೈಯಿಂದ ಅರ್ಜಿಯನ್ನು ಕಿತ್ತುಕೊಂಡಳು. "ಕೊಡಿಲ್ಲಿ. ದಪ್ಪ ಕಾಗದ, ಕಾಲರ್ ಕತ್ತರಿಸೋ ಅಚ್ಚಿಗೆ ಆಗುತ್ತೆ."

ಹದಿನೆಂಟು ವರ್ಷದ ಮಾತು ಉಳಿಯಿತು. ಅಮ್ಮ ತನ್ನ ಕಾಲಿಂದ ಆ ಹೊಸ್ತಿಲು ದಾಟಲಿಲ್ಲ.