ನಡುಗೋಡೆ

"ಇದು ಗೋಡೆಯಲ್ಲಮ್ಮ, ಬಾಗಿಲು," ಎಂದ ಮನೆ ಅಳೆಯಲು ಬಂದ ಸರ್ವೆಯವನು. ಅಡುಗೆಮನೆಯ ಹಿಂಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ತೋರಿಸಿದ. ಒಂದು ಕಡೆ ಗಟ್ಟಿ ಸದ್ದು, ಎರಡು ಗೇಣು ಪಕ್ಕಕ್ಕೆ ಸರಿದರೆ ಟೊಳ್ಳು. "ಚೌಕಟ್ಟು, ಹಲಗೆ ಎಲ್ಲಾ ಒಳಗೇ ಇದೆ. ಮೇಲೆ ಗಾರೆ ಮೆತ್ತಿದಾರೆ ಅಷ್ಟೆ. ಆ ಕಡೆಯವ್ರೂ ಸಹಿ ಹಾಕಿದ್ರೆ ತೆಗೆಸಬಹುದು."

ಹೆರಿಗೆ ವಾರ್ಡಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದ ನರ್ಸಮ್ಮ ಅಂದು ಸಂಜೆ ಮನೆಯ ಪತ್ರಗಳನ್ನೆಲ್ಲ ಹರವಿಕೊಂಡು ಕೂತಳು. ಮನೆ ಕಟ್ಟಿಸಿದವನು ಒಬ್ಬ ಮರದ ವ್ಯಾಪಾರಿ. ಎರಡು ಬೀದಿಗಳ ನಡುವಿನ ಉದ್ದನೆಯ ನಿವೇಶನ. ಮುಂದಿನಿಂದ ಹಿಂದಿನವರೆಗೂ ತೇಗದ ತೊಲೆ. ಅವನು ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳು ಮನೆಯನ್ನು ಪಾಲು ಮಾಡಿಕೊಂಡರು. ಅಕ್ಕನಿಗೆ ಅಡುಗೆಮನೆ ಬಂತು, ತಂಗಿಗೆ ಊಟದ ಮನೆ. ಪಾಲುಪತ್ರದಲ್ಲಿ ಒಂದು ಸಾಲಿತ್ತು: 'ನಡುವಿನ ಬಾಗಿಲನ್ನು ಎರಡೂ ಕಡೆಯವರ ಒಪ್ಪಿಗೆಯಿಲ್ಲದೆ ತೆರೆಯತಕ್ಕದ್ದಲ್ಲ.' ಯಾತಕ್ಕೆ ಜಗಳವೋ, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಅಕ್ಕನ ಪಾಲು ಒಬ್ಬ ಮೇಷ್ಟರಿಗೆ ಹೋಯಿತು, ಅವರಿಂದ ವಕೀಲರಿಗೆ, ಅವರಿಂದ ಹನ್ನೊಂದು ವರ್ಷದ ಹಿಂದೆ ನರ್ಸಮ್ಮನಿಗೆ. ಅಕ್ಕತಂಗಿಯರು ಯಾವತ್ತೋ ತೀರಿಕೊಂಡಿದ್ದರು. ಆ ಒಂದು ಸಾಲನ್ನು ಮಾತ್ರ ಬರೆಯುವವರೆಲ್ಲ ಒಂದು ಪತ್ರದಿಂದ ಇನ್ನೊಂದಕ್ಕೆ ಅಚ್ಚುಕಟ್ಟಾಗಿ ಇಳಿಸಿಕೊಂಡು ಬಂದಿದ್ದರು.

ಹೋದ ತಿಂಗಳು ಬೆಳಿಗ್ಗೆ ಹನ್ನೊಂದಕ್ಕೆ ಅವಳು ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದಳು. ಒಂದು ಸಲ "ಯಾರಾದ್ರೂ ಇದ್ದೀರಾ?" ಎಂದು ಕೂಗಿದವಳು ತನ್ನ ದನಿಗೇ ನಾಚಿ ಸುಮ್ಮನಾದಳು. ತೆವಳಿ ಎದ್ದು ಕೂರುವಷ್ಟರಲ್ಲಿ ಗಂಟೆ ಮೂರಾಗಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಮರುದಿನ ಒಪ್ಪಿಗೆ ಪತ್ರ ಬರೆದುಕೊಂಡು ಬೀದಿ ಸುತ್ತಿ ಹೊರಟಳು. ಅಡುಗೆಮನೆಯ ಗೋಡೆಯಿಂದಾಚೆಗೆ ಹೋಗಲು ಏಳು ನಿಮಿಷ ಹಿಡಿಯಿತು. ಕದ ತೆರೆದವನು ಕನ್ನಡಕ ಹಣೆಗೇರಿಸಿದ ಎಲುಬು ಚರ್ಮದ ಮನುಷ್ಯ. ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದು ಈಗ ಬಿಟ್ಟಿದ್ದವನು, ಒಂಟಿ. ಅವನ ಕೆಮ್ಮು, ಅವನ ರೇಡಿಯೋ ಅವಳಿಗೆ ಹನ್ನೊಂದು ವರ್ಷದ ಪರಿಚಯ. ಮುಖ ನೋಡಿದ್ದು ಇದೇ ಮೊದಲು.

"ಗೋಡೆಯಾಚೆಯವ್ರು," ಎಂದ ಆತ. ಅದೇನು ಪ್ರಶ್ನೆಯಾಗಿರಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟ. ಅವಳು ತಲೆಯೆತ್ತಿದರೆ ತನ್ನ ಮನೆಯ ತೊಲೆಗಳೇ ಇಲ್ಲಿಯವರೆಗೂ ಬಂದಿದ್ದವು.

ಆತ ಪತ್ರ ಓದಿದ. ಅಭ್ಯಾಸಬಲ, ಕೆಂಪು ಪೆನ್ನು ತೆಗೆದು ಎರಡು ಕಡೆ ಕಾಗುಣಿತ ತಿದ್ದಿದ. ಮತ್ತೆ ಮೆಲ್ಲಗೆ ಅವಳತ್ತ ಸರಿಸಿದ.

"ಬೇಡಿ, ಮೇಡಂ."

"ಯಾಕೆ? ನಾನೇನು ದಿನಾ ಬಂದು ಪೀಡಿಸೋದಿಲ್ಲ."

"ಅದೇ ಮತ್ತೆ," ಎಂದು ಅರೆ ನಕ್ಕ. "ಈಗ ಯಾರೂ ಬರದೇ ಇದ್ರೆ, ಗೋಡೆ ಇದೆ, ಅದಕ್ಕೇ ಬರಲ್ಲ ಅಂದ್ಕೋಬಹುದು. ಬಾಗಿಲಿದ್ದೂ ಬರದೇ ಇದ್ರೆ ಏನಂದ್ಕೊಳ್ಳೋದು?"

ನರ್ಸಮ್ಮನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ನಿಮಗೇನು, ಮಾತಾಡ್ತೀರಿ! ಹೋದ ತಿಂಗಳು ನಾನು ಬಿದ್ದು ನಾಲ್ಕು ಗಂಟೆ ನೆಲದ ಮೇಲಿದ್ದೆ. ಹೆಣ ಆಗಿದ್ರೂ ಕೇಳೋರಿರ್ಲಿಲ್ಲ."

ಆತನ ಕೈ ಮೇಜಿನ ಮೇಲೆ ಹಾಗೇ ನಿಂತಿತು.

"ಕೇಳಿಸ್ತು," ಎಂದ. "ನೀವು ಬಿದ್ದಿದ್ದೂ ಕೇಳಿಸ್ತು, ಕೂಗಿದ್ದೂ ಕೇಳಿಸ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ತಿರುವಿನ ತನಕ ಬಂದೆ. ಹೋಗಿ ಏನಂತ ಹೇಳ್ಲಿ, ನಾನು ಯಾರಂತ ಹೇಳ್ಲಿ ಅಂತ... ಅಲ್ಲೇ ನಿಂತೆ. ವಾಪಸು ಬಂದ್ಬಿಟ್ಟೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಆಮೇಲೆ ಈ ಗೋಡೆಗೆ ಕಿವಿ ಕೊಟ್ಟು ಕೂತೆ," ಎಂದ ಆತ, ಅವಳ ಮುಖ ನೋಡದೆ. "ಸಂಜೆ ನೀವು ಯಾವುದೋ ಡಬ್ಬದ ಮುಚ್ಚಳ ಕುಟ್ಟಿ ತೆಗೆದ್ರಿ. ಅದಾದ ಮೇಲೇನೇ ನನಗೆ ಒಂದು ತುತ್ತು ಒಳಗಿಳಿದಿದ್ದು."

ನರ್ಸಮ್ಮ ಎದ್ದಳು. ಈ ಮನುಷ್ಯನ ಕೆನ್ನೆಗೆ ಬಾರಿಸಬೇಕೋ, ಹೆದರಿದ ಬಾಣಂತಿಯರ ಕೈ ಹಿಡಿದಂತೆ ಅವನ ಕೈ ಹಿಡಿಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಮಾಡದೆ, ಪತ್ರವನ್ನು ಮತ್ತೆ ಅವನ ಮುಂದೆ ಸರಿಸಿ, ನಿಂತೇ ಇದ್ದಳು.

ಆತ ಕೆಂಪು ಪೆನ್ನು ಬದಿಗಿಟ್ಟು ನೀಲಿಯದನ್ನು ಹುಡುಕಿ ತೆಗೆದ. ಸಹಿ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿ, ಹಾಳೆಯನ್ನು ಅವಳ ಕೈಗಿತ್ತ.

"ಒಂದು ಷರತ್ತು ಬರೆದಿದೀನಿ, ಮೇಡಂ. ನನ್ನ ಕಡೆ ಚಿಲಕ ಇಡಿಸಬೇಡಿ," ಎಂದ. "ಇದ್ರೆ ಹಾಕ್ಕೊಂಡ್ಬಿಡ್ತೀನಿ."